ಗಿರಿಶಿಖರಗಳ ನಡುವೆ ಸೂಕ್ಷ್ಮತರಂಗಗಳ ಸಂವಾದ

ಬೆಟ್ಟವೊಂದು ಅಡ್ಡ ನಿಂತರೆ ಅದರಾಚೆಯ ಊರು ಕಾಣದು, ಕೂಗಿದರೂ ಕೇಳದು. ಆದರೆ ಅದೇ ಬೆಟ್ಟವು ನಮ್ಮ ಕೂಗನ್ನು ಮಾರ್ದನಿಯಾಗಿ ಮರಳಿಸುವುದೂ ಉಂಟು. ತಡೆಯೆಂದು ತೋರುವುದೇ ಅರಿತವನಿಗೆ ನೆರವಾಗಬಲ್ಲದು. ರೇಡಿಯೋ ವಿಜ್ಞಾನದಲ್ಲಿಯೂ ಈ ಮಾತು ನಿಜವೆಂಬುದನ್ನು ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಹವ್ಯಾಸಿ ರೇಡಿಯೋ ಬಳಗದವರು ತೋರಿಸಿಕೊಟ್ಟಿದ್ದಾರೆ.

ಹವ್ಯಾಸಿ ರೇಡಿಯೋದವರನ್ನು 'ಹ್ಯಾಮ್'ಗಳೆಂದು ಕರೆಯುವುದು ವಾಡಿಕೆ. ಇವರು ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿಯನ್ನೂ ತಮ್ಮದೇ ಆದ ಕರೆಸಂಕೇತವನ್ನೂ ಪಡೆದು, ಹಣದ ಆಸೆಯಿಲ್ಲದೆ ದೂರದವರೊಡನೆ ಸಂಭಾಷಿಸುವವರು. ಬಹುಮಂದಿ ಶಾರ್ಟ್‌ವೇವ್ ತರಂಗಗಳನ್ನು ಬಳಸುತ್ತಾರೆ. ಅವು ಆಕಾಶದ ಎತ್ತರದ ವಿದ್ಯುತ್ಕಣಗಳ ಪದರದಿಂದ ಬಾಗಿ ಮತ್ತೆ ಭೂಮಿಗಿಳಿದು ಖಂಡಾಂತರಗಳನ್ನು ಮುಟ್ಟುತ್ತವೆ. ಕೆಲವರು ಮಾತ್ರ ಕಷ್ಟದ ಹಾದಿಯನ್ನು ಹಿಡಿದು ಸೂಕ್ಷ್ಮತರಂಗಗಳನ್ನು ಆರಿಸಿಕೊಂಡಿದ್ದಾರೆ. ೧೦ ಗಿಗಾಹರ್ಟ್ಸ್ ಕಂಪನಾಂಕದ ತರಂಗದ ಉದ್ದ ಕೇವಲ ೩ ಸೆಂಟಿಮೀಟರ್. ೨೪ ಗಿಗಾಹರ್ಟ್ಸಿನದು ಸುಮಾರು ಒಂದೂಕಾಲು ಸೆಂಟಿಮೀಟರ್. ಇವು ಆ ಪದರವನ್ನು ಭೇದಿಸಿಕೊಂಡು ಹೊರಟುಹೋಗುತ್ತವೆ; ದೀಪದ ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿಯೇ ಸಾಗುತ್ತವೆ. ಇಂತಹ ಕಿರುತರಂಗಗಳನ್ನು ಹುಟ್ಟಿಸಿ ಅವುಗಳ ಗುಣವನ್ನು ಪರೀಕ್ಷಿಸಿದ ಮೊದಲಿಗರಲ್ಲಿ ನಮ್ಮ ಜಗದೀಶಚಂದ್ರ ಬೋಸರೂ ಒಬ್ಬರು. ೧೮೯೦ರ ದಶಕದಲ್ಲಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು ನಡೆಸಿದ ಪ್ರಯೋಗಗಳು ಜಗದ್ವಿಖ್ಯಾತವಾಗಿವೆ.

ನೇರ ಸಾಗುವ ತರಂಗಕ್ಕೆ ಭೂಮಿಯ ಗುಂಡಾಕಾರವೇ ಮೊದಲ ತಡೆ. ಆದುದರಿಂದ ಎತ್ತರಕ್ಕೆ ಏರಬೇಕು. ಮೂರು ಸಾವಿರ ಮೀಟರ್ ಎತ್ತರದ ಶಿಖರದಿಂದ ರೇಡಿಯೋ ದಿಗಂತವು ಸುಮಾರು ೨೨೫ ಕಿಲೋಮೀಟರ್ ದೂರದಲ್ಲಿರುತ್ತದೆ. ಅಂತಹ ಎರಡು ಶಿಖರಗಳ ನಡುವೆ ಬೇರೆ ಅಡ್ಡಿಯಿಲ್ಲದಿದ್ದರೆ ೪೫೦ ಕಿಲೋಮೀಟರ್ ಸಂಪರ್ಕ ಸಾಧ್ಯ. ಸ್ವಿಟ್ಜರ್ಲೆಂಡಿನಲ್ಲಿ ೩,೦೮೯ ಮೀಟರ್ ಎತ್ತರದ ಗೋರ್ನರ್‌ಗ್ರಾಟಿಗೆ ರೈಲೇ ಹೋಗುತ್ತದೆ. ರೈಲಿಲ್ಲದ ಬೆಟ್ಟಗಳಿಗೆ ಹವ್ಯಾಸಿಗಳು ಬ್ಯಾಟರಿ, ಮುಕ್ಕಾಲಿ, ಸಣ್ಣ ಡಿಶ್ ಆಂಟೆನಾಗಳನ್ನು ಬೆನ್ನಿಗೇರಿಸಿಕೊಂಡು ಹತ್ತುತ್ತಾರೆ.

ನಡುವೆ ಪರ್ವತವೇ ನಿಂತಿದ್ದರೆ? ಅದಕ್ಕೂ ಎರಡು ಉಪಾಯಗಳಿವೆ. ಮೊದಲನೆಯದು ವಿವರ್ತನೆ. ಚೂಪಾದ ಬೆಟ್ಟದ ಏಣನ್ನು ಸವರಿ ಹೋಗುವ ತರಂಗದ ಒಂದಂಶವು ಆಚೆಗೆ ಬಾಗಿ ಇಳಿಯುತ್ತದೆ. ಇಬ್ಬರನ್ನು ಜೋಡಿಸುವ ರೇಖೆಯು ಏಣಿಗೆ ತಾಗುವಂತಿದ್ದರೆ ನಾಲ್ಕರಲ್ಲೊಂದು ಪಾಲು ಶಕ್ತಿ ಉಳಿಯುತ್ತದೆ; ರೇಖೆಯು ಕೆಳಗಿಳಿದಷ್ಟೂ ನಷ್ಟ ಹೆಚ್ಚುತ್ತದೆ. ಇವಕ್ಕಿಂತ ಉದ್ದನೆಯ ತರಂಗಗಳ ವಿಷಯದಲ್ಲಿ, ದಿಗಂತದಾಚೆಗೆ ಸಂದೇಶ ಕಳುಹಿಸುವಾಗ ಬಯಲಿಗಿಂತ ನಡುವೆ ಬೆಟ್ಟವಿರುವುದೇ ಲಾಭವಾಗಬಲ್ಲದೆಂದು ಅಮೆರಿಕದ ಇಂಜಿನಿಯರುಗಳು ೧೯೫೩ರಲ್ಲಿಯೇ ಪ್ರಕಟಿಸಿದ್ದರು.

ಎರಡನೆಯದು ಪ್ರತಿಫಲನ. ಪರಸ್ಪರ ಕಾಣದ ಎರಡು ಕಣಿವೆಗಳಲ್ಲಿರುವವರು ಇಬ್ಬರಿಗೂ ಕಾಣುವ ಮೂರನೆಯದೊಂದು ಶಿಖರದತ್ತ ತಮ್ಮ ಆಂಟೆನಾಗಳನ್ನು ತಿರುಗಿಸುತ್ತಾರೆ. ೪,೮೦೦ ಮೀಟರಿಗೂ ಎತ್ತರವಾದ ಮೋಂ ಬ್ಲಾಂ ಪರ್ವತವು ಹೀಗೆ ಅನೇಕರಿಗೆ ಕನ್ನಡಿಯಾಗಿದೆ. ಅದರ ಬಂಡೆಗಳಿಗೆ ಬಡಿದ ತರಂಗಗಳು ಚದುರಿ, ಕ್ಷೀಣವಾಗಿಯಾದರೂ ಮತ್ತೊಂದು ಕಣಿವೆಯನ್ನು ಸೇರುತ್ತವೆ. ನೇರ ಮುಖಾಮುಖಿಯಾಗಿ ದೊರೆಯದ ಮಾತು ಇಬ್ಬರೂ ಒಂದೇ ಶಿಖರವನ್ನು ನೋಡಿದಾಗ ದೊರೆಯುತ್ತದೆ.

ಹೇಳಿದಷ್ಟು ಇದು ಸುಲಭವಲ್ಲ. ೬೦ ಸೆಂಟಿಮೀಟರ್ ಡಿಶ್ಶಿನಿಂದ ಹೊರಡುವ ೧೦ ಗಿಗಾಹರ್ಟ್ಸ್ ಕಿರಣದ ಅಗಲ ಸುಮಾರು ಮೂರೂವರೆ ಡಿಗ್ರಿ; ದಿಕ್ಕು ಕೊಂಚ ತಪ್ಪಿದರೂ ಶ್ರಮವೆಲ್ಲ ವ್ಯರ್ಥ. ಕಂಪನಾಂಕದಲ್ಲಿ ಹತ್ತು ಲಕ್ಷಕ್ಕೆ ಒಂದರಷ್ಟು ತಪ್ಪಾದರೂ ಅದು ಹತ್ತು ಸಾವಿರ ಹರ್ಟ್ಸ್ ಆಗುತ್ತದೆ. ಇವರು ಬಳಸುವ ಕಿರಿದಾದ ಧ್ವನಿಸಂಕೇತವಾದರೋ ಮೂರು ಸಾವಿರ ಹರ್ಟ್ಸಿಗಿಂತ ಕಡಿಮೆ ಅಗಲದ್ದು. ಆದ್ದರಿಂದ ಇಂದು ಉಪಗ್ರಹಗಳ ಕಾಲಸಂಕೇತಕ್ಕೆ ಯಂತ್ರವನ್ನು ಹೊಂದಿಸಿಕೊಳ್ಳುವವರಿದ್ದಾರೆ.

ಈಗ ಇನ್ನೊಂದು ಮಾತು. ಶಿಖರದಲ್ಲಿರುವವನ ಜೇಬಿನಲ್ಲಿ ಮೊಬೈಲ್ ಫೋನ್ ಇರುತ್ತದೆ. ದಿಕ್ಕನ್ನೂ ಸಮಯವನ್ನೂ ನಿಶ್ಚಯಿಸಲು ಅದನ್ನೋ ೧೪೪ ಮೆಗಾಹರ್ಟ್ಸಿನ ಬೇರೆ ರೇಡಿಯೋವನ್ನೋ ಬಳಸುವುದುಂಟು. ಆದರೆ ಕರೆಸಂಕೇತವೂ ಧ್ವನಿಯ ಬಲದ ವರದಿಯೂ ಆ ಸೂಕ್ಷ್ಮತರಂಗದಲ್ಲಿಯೇ ಎರಡೂ ಕಡೆಗೆ ತಲುಪಿ, ಸ್ವೀಕೃತಿಯೂ ಅದರಲ್ಲಿಯೇ ಬಂದಾಗ ಮಾತ್ರ ಸಂಪರ್ಕವಾಯಿತೆಂದು ಲೆಕ್ಕ. ಎದುರಿನವನ ಕರೆಸಂಕೇತ ಮೊದಲೇ ತಿಳಿದಿರುತ್ತದೆ. ಗೊರಗೊರ ಸದ್ದಿನಲ್ಲಿ ಅರ್ಧ ಅಕ್ಷರ ಕೇಳಿಸಿದರೆ ಉಳಿದುದನ್ನು ಮನಸ್ಸೇ ತುಂಬಿಕೊಳ್ಳಲು ಹವಣಿಸುತ್ತದೆ. ಸಾಕ್ಷಿಗೆ ಯಾರೂ ಇಲ್ಲ. ಬೆರಳುಗಳು ಚಳಿಗೆ ಮರಗಟ್ಟಿವೆ, ಸಿಡಿಲಿನ ಮೋಡ ಕವಿಯುತ್ತಿದೆ, ಇಳಿಯಲೇಬೇಕು. ಆಗ ಕೇಳದುದನ್ನು ಕೇಳಿದೆನೆಂದು ಬರೆಯದೆ, 'ಆಗಲಿಲ್ಲ' ಎಂದು ಪುಸ್ತಕದಲ್ಲಿ ಬರೆದು ಬೆಟ್ಟವಿಳಿಯುವವನೇ ನಿಜವಾದ ಹವ್ಯಾಸಿ.

ಈ ಸಾಧನೆಗೆ ಸಂಬಳವಿಲ್ಲ, ಸನ್ಮಾನವೂ ವಿರಳ. ಆದರೂ ಯಾರೂ ನೋಡದೆಡೆಯಲ್ಲಿ ತನ್ನ ಕಿವಿಗೆ ತಾನೇ ಪ್ರಾಮಾಣಿಕನಾಗಿರುವ ಅಭ್ಯಾಸವನ್ನು ಅದು ಕಲಿಸುತ್ತದೆ. ಮನೆಯಲ್ಲಿ ತಂತಿ, ಬ್ಯಾಟರಿ, ಹಳೆಯ ರೇಡಿಯೋಗಳನ್ನು ಬಿಚ್ಚಿ ಕೂರುವ ಮಕ್ಕಳಿದ್ದರೆ, ತಂದೆತಾಯಿಗಳು ಗದರಿಸುವ ಮುನ್ನ ಈ ಶಿಖರವಾಸಿಗಳನ್ನು ಒಮ್ಮೆ ನೆನೆಯಲಿ.