ಯಂತ್ರಕ್ಕೆ ಚಿತ್ರಭಾಷೆಯನ್ನು ಕಲಿಸಿದ ವಿದ್ಯಾರ್ಥಿ

ಮಾನವನಿಗೂ ಗಣಕಯಂತ್ರಕ್ಕೂ ನಡುವೆ ವ್ಯವಹಾರವು ಹೇಗೆ ಸುಗಮವಾಗಬೇಕೆಂಬುದನ್ನು ವಿಚಾರಿಸುವ ಶಾಸ್ತ್ರವೊಂದು ಇಂದು ವಿಶ್ವವಿದ್ಯಾಲಯಗಳಲ್ಲಿ ಬೋಧಿಸಲ್ಪಡುತ್ತಿದೆ. ಅದಕ್ಕೆ ತಳಹದಿಯನ್ನು ಹಾಕಿದ ಮುಖ್ಯ ಕೃತಿಗಳಲ್ಲೊಂದು ವಿದ್ಯಾರ್ಥಿಯೊಬ್ಬನ ಡಾಕ್ಟರೇಟ್ ಪ್ರಬಂಧವೆಂಬುದು ಗಮನಾರ್ಹವಾದ ಸಂಗತಿ. ಆ ವಿದ್ಯಾರ್ಥಿಯೇ ಐವನ್ ಸದರ್ಲೆಂಡ್.

ಸದರ್ಲೆಂಡರು 1938ರಲ್ಲಿ ಅಮೆರಿಕದ ನೆಬ್ರಾಸ್ಕಾ ಸಂಸ್ಥಾನದ ಹೇಸ್ಟಿಂಗ್ಸ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಇಂಜಿನಿಯರರು, ತಾಯಿ ಉಪಾಧ್ಯಾಯಿನಿ. ಇಂಜಿನಿಯರರ ಮನೆಯಲ್ಲಿ ಬೆಳೆದ ಬಾಲಕನಿಗೆ ನಕ್ಷೆಗಳಲ್ಲಿಯೂ ರೇಖಾಗಣಿತದಲ್ಲಿಯೂ ಅಭಿರುಚಿಯುಂಟಾಯಿತು. ಶಾಲೆಯಲ್ಲಿರುವಾಗಲೇ 'ಸೈಮನ್' ಎಂಬ ಪುಟ್ಟ ಗಣಕಯಂತ್ರವು ಅವರ ಕೈಗೆ ದೊರಕಿತು. 15ರವರೆಗೆ ಮಾತ್ರ ಕೂಡಬಲ್ಲ ಆ ಯಂತ್ರಕ್ಕೆ ಅವರು ಭಾಗಾಕಾರವನ್ನು ಕಲಿಸಿದರು. ಅದರ ಆಜ್ಞೆಗಳನ್ನು ಬರೆಯಲು ಎಂಟು ಅಡಿ ಉದ್ದದ ಕಾಗದದ ಪಟ್ಟಿಯೇ ಬೇಕಾಯಿತು!

ಆ ಕಾಲದಲ್ಲಿ ಗಣಕಯಂತ್ರವನ್ನು ಬಳಸುವವರು ತಮ್ಮ ಪ್ರಶ್ನೆಯನ್ನು ರಂಧ್ರ ಕೊರೆದ ಕಾಗದದ ಮೇಲೆ ಅಣಿಗೊಳಿಸಿ ಒಪ್ಪಿಸಿ, ಉತ್ತರಕ್ಕಾಗಿ ಬಹುಹೊತ್ತು ಕಾಯುವುದು ವಾಡಿಕೆಯಾಗಿತ್ತು. ಯಂತ್ರದ ಸಂಕೇತಗಳನ್ನು ಅರಿಯದವನಿಗೆ ಅದರ ಬಾಗಿಲು ಮುಚ್ಚಿಯೇ ಇತ್ತು. ಮನುಷ್ಯನೇ ಯಂತ್ರದ ಭಾಷೆಯನ್ನು ಕಲಿಯಬೇಕೇ? ಯಂತ್ರವು ಮನುಷ್ಯನ ರೀತಿಗೆ ಹೊಂದಿಕೊಳ್ಳಬಾರದೇ?

ಮಸಾಚುಸೆಟ್ಸ್ ತಂತ್ರಶಾಸ್ತ್ರ ಸಂಸ್ಥೆಯಲ್ಲಿ, ಖ್ಯಾತ ವಿಜ್ಞಾನಿ ಕ್ಲಾಡ್ ಶ್ಯಾನನ್ನರ ಮಾರ್ಗದರ್ಶನದಲ್ಲಿ, ಸದರ್ಲೆಂಡರು 1963ರಲ್ಲಿ ಇದಕ್ಕೆ ಉತ್ತರವನ್ನಿತ್ತರು. ಅವರು ರಚಿಸಿದ 'ಸ್ಕೆಚ್‌ಪ್ಯಾಡ್' ಎಂಬ ವ್ಯವಸ್ಥೆಯಲ್ಲಿ, ಬೆಳಕನ್ನು ಗ್ರಹಿಸುವ ಲೇಖನಿಯೊಂದನ್ನು ಹಿಡಿದು ಗಾಜಿನ ತೆರೆಯ ಮೇಲೆ ನೇರವಾಗಿ ಚಿತ್ರವನ್ನು ಬರೆಯಬಹುದಾಗಿತ್ತು. ಅಷ್ಟೇ ಅಲ್ಲ, ಎರಡು ರೇಖೆಗಳನ್ನು ಒರಟಾಗಿ ಎಳೆದು, ಇವು ಸಮಾನಾಂತರವಾಗಿರಲಿ ಎಂದು ಆಜ್ಞಾಪಿಸಿದರೆ, ಯಂತ್ರವೇ ಅವುಗಳನ್ನು ತಿದ್ದುತ್ತಿತ್ತು. ಮೂಲಚಿತ್ರವೊಂದರಿಂದ ನೂರು ಪ್ರತಿಗಳನ್ನು ಮಾಡಿ ಮೂಲವನ್ನು ಬದಲಿಸಿದರೆ, ನೂರೂ ಬದಲಾಗುತ್ತಿದ್ದುವು. ಕಾಗದದ ಮೇಲಿನ ಗೆರೆಯು ಬರಿಯ ಮಸಿಯ ಗುರುತು. ಇಲ್ಲಿಯ ಗೆರೆಯಾದರೋ ಇತರ ಗೆರೆಗಳೊಡನೆ ತನಗಿರುವ ಸಂಬಂಧವನ್ನು ಅರಿತ ಗೆರೆ.

ಇಂದು ಇಂಜಿನಿಯರರು ಸೇತುವೆಗಳ ಮತ್ತು ಯಂತ್ರಭಾಗಗಳ ನಕ್ಷೆಗಳನ್ನು ಗಣಕಯಂತ್ರದಲ್ಲಿ ರಚಿಸುವ ಪದ್ಧತಿಗೆ ಈ ಕೃತಿಯು ಮೂಲಪ್ರೇರಣೆಯಾಯಿತು. ಅಕ್ಷರವರಿಯದ ಶಿಶುವೂ ದೂರವಾಣಿಯ ತೆರೆಯ ಮೇಲೆ ಬೆರಳಿನಿಂದ ಚಿತ್ರ ಬಿಡಿಸುವುದನ್ನು ನಾವು ಕಾಣುತ್ತೇವೆ. ಅದರ ಹಿಂದೆಯೂ ಇದೇ ಭಾವನೆಯಿದೆ. 1988ರಲ್ಲಿ ಸದರ್ಲೆಂಡರಿಗೆ ಟ್ಯೂರಿಂಗ್ ಪ್ರಶಸ್ತಿಯೂ, 2012ರಲ್ಲಿ ಜಪಾನಿನ ಕ್ಯೋಟೋ ಪ್ರಶಸ್ತಿಯೂ ಸಂದುವು.

ಮಕ್ಕಳೇ, ಸಂಶೋಧನೆಯೆಂದರೆ ಕೇವಲ ದೊಡ್ಡ ಗ್ರಂಥಗಳ ಪಠನವಲ್ಲ. ಎಲ್ಲರೂ ಸಹಿಸಿಕೊಂಡಿರುವ ತೊಡಕನ್ನು ಕಂಡು, ಇದು ಹೀಗೆಯೇ ಏಕಿರಬೇಕು ಎಂದು ಕೇಳುವುದೇ ಅದರ ಆರಂಭ. ತಂದೆತಾಯಂದಿರೇ, ಮಗು ಒಂದು ವಸ್ತುವನ್ನು ಬಿಚ್ಚಿ ನೋಡುವಾಗ, ಗೋಡೆಯ ಮೇಲೆ ಗೆರೆಯೆಳೆಯುವಾಗ, ಗದರಿಸುವ ಮುನ್ನ ಅದರ ಪ್ರಶ್ನೆಯೇನೆಂದು ವಿಚಾರಿಸಿರಿ.