ಹುಸಿ ತುತ್ತು, ತಪ್ಪು ಓದು

1932ರ ಡಿಸೆಂಬರಿನಲ್ಲಿ, ಜರ್ಮನಿಯ ಬಾಯರ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಗೆರ್ಹಾರ್ಡ್ ಡೋಮಾಕ್ ಎಂಬ ವೈದ್ಯವಿಜ್ಞಾನಿಯು ಮಾರಕವಾದ ಸ್ಟ್ರೆಪ್ಟೊಕಾಕಸ್ ಸೂಕ್ಷ್ಮಾಣುಗಳನ್ನು ಇಲಿಗಳಿಗೆ ಚುಚ್ಚಿ, ಅವುಗಳಲ್ಲಿ ಕೆಲವಕ್ಕೆ ಪ್ರಾಂಟೋಸಿಲ್ ಎಂಬ ಕೆಂಪು ಬಣ್ಣವನ್ನು ಕೊಟ್ಟು ನೋಡಲಾಗಿ, ಬಣ್ಣ ಪಡೆದವು ಬದುಕಿದವು, ಪಡೆಯದವು ಸತ್ತವು. ಆದರೆ ಅದೇ ಬಣ್ಣವನ್ನು ಗಾಜಿನ ನಳಿಗೆಯಲ್ಲಿ ಸೂಕ್ಷ್ಮಾಣುಗಳೊಡನೆ ಬೆರೆಸಿದರೆ ಅವಕ್ಕೆ ಏನೂ ಆಗುತ್ತಿರಲಿಲ್ಲ. ಈ ಒಗಟನ್ನು 1935ರಲ್ಲಿ ಬಿಡಿಸಿದವರು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯವರು: ಆ ಬಣ್ಣವು ದೇಹದೊಳಗೆ ಒಡೆದಾಗ ಹೊರಬರುವ, ತನಗೆ ಯಾವ ಬಣ್ಣವೂ ಇಲ್ಲದ ಸಲ್ಫಾನಿಲಮೈಡ್ ಎಂಬುದೇ ನಿಜವಾದ ಔಷಧವಾಗಿತ್ತು.

ಔಷಧವೇನೋ ಕೈಗೆ ಬಂದಿತು. ಅದರ ಗುಟ್ಟು ಮಾತ್ರ ತಿಳಿದಿರಲಿಲ್ಲ. 1940ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಡೊನಾಲ್ಡ್ ವುಡ್ಸ್ ಕಂಡ ದೃಶ್ಯ ಬಲು ಸರಳವಾದುದು. ಸಲ್ಫಾನಿಲಮೈಡ್ ಬೆರೆತ ಪೋಷಕದ್ರವ ಬ್ಯಾಕ್ಟೀರಿಯಾಗಳು ಬೆಳೆಯಲಾರದೆ ತಿಳಿಯಾಗಿಯೇ ಉಳಿಯುವುದು. ಅದಕ್ಕೆ ಕೊಂಚ ಯೀಸ್ಟಿನ ಸಾರವನ್ನು ಹಾಕಿದರೆ ಮತ್ತೆ ಬೆಳೆದು ಮಬ್ಬಾಗುವುದು. ಯೀಸ್ಟಿನಲ್ಲಿದ್ದ ಆ ರಕ್ಷಕ ಪದಾರ್ಥ ಪ್ಯಾರಾ ಅಮೈನೋ ಬೆಂಜೋಯಿಕ್ ಆಮ್ಲವಿರಬೇಕೆಂದು ವುಡ್ಸ್ ತರ್ಕಿಸಿದರು. ಬ್ಯಾಕ್ಟೀರಿಯಾ ತನ್ನ ಫೋಲಿಕ್ ಆಮ್ಲವನ್ನು ತಾನೇ ತಯಾರಿಸಿಕೊಳ್ಳುವುದು ಇದರಿಂದಲೇ. ಸಲ್ಫಾನಿಲಮೈಡಿಗೂ ಇದಕ್ಕೂ ರೂಪಸಾಮ್ಯ ಎಷ್ಟೆಂದರೆ, ಆ ಕೆಲಸಕ್ಕೆ ನಿಂತ ಕಿಣ್ವವು ಮೋಸಹೋಗಿ ಹುಸಿಯನ್ನೇ ಹಿಡಿದುಕೊಳ್ಳುವುದು. ಫೋಲಿಕ್ ಆಮ್ಲ ತಪ್ಪಿದೊಡನೆ ಡಿಎನ್‌ಎಗೆ ಬೇಕಾದ ಅಕ್ಷರಗಳು ಸಿದ್ಧವಾಗವು, ವಂಶ ಬೆಳೆಯದು. ನಾವಾದರೋ ಅದನ್ನು ತಯಾರಿಸದೆ, ಸೊಪ್ಪು ಕಾಳುಗಳಿಂದ ಪಡೆಯುವವರು. ಆದುದರಿಂದ ಈ ಬಲೆ ನಮ್ಮ ಕೋಶಗಳಿಗೆ ತಗುಲದು. ನಮ್ಮ ಅಶಕ್ತಿಯೇ ಇಲ್ಲಿ ನಮಗೆ ಕವಚವಾದದ್ದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಸಲ್ಫಾ ರಸಾಯನಶಾಲೆಯ ಕೂಸು, ಸ್ಟ್ರೆಪ್ಟೊಮೈಸಿನ್ ಮಣ್ಣಿನದು. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ನರ ಶಿಷ್ಯ ಆಲ್ಬರ್ಟ್ ಷಾಟ್ಸ್ ನೆಲಮಾಳಿಗೆಯಲ್ಲಿ ದುಡಿದು ಹೊರತೆಗೆದ ಈ ಪ್ರತಿಜೈವಿಕವು, ಪೆನಿಸಿಲಿನ್ನಿಗೆ ಮಣಿಯದ ಕ್ಷಯರೋಗವನ್ನು ಮಣಿಸಿತು. ಅದು ಎರಗುವುದು ಪ್ರೋಟೀನು ಹೆಣೆಯುವ ರೈಬೋಸೋಮಿನ ಮೇಲೆ. ಬ್ಯಾಕ್ಟೀರಿಯಾದ ರೈಬೋಸೋಮು ನಮ್ಮದಕ್ಕಿಂತ ಚಿಕ್ಕದು, ರಚನೆಯಲ್ಲಿ ಬೇರೆ. ಕೆಲಸವನ್ನು ನಿಲ್ಲಿಸುವುದಷ್ಟೇ ಅಲ್ಲ, ಕೆಡಿಸುವುದೂ ಇದರ ರೀತಿಯೆಂದು 1964ರಲ್ಲಿ ಡೇವೀಸ್, ಗಿಲ್ಬರ್ಟ್, ಗೊರಿನಿ ತೋರಿಸಿದರು. ಯುರಾಸಿಲ್ ಎಂಬ ಒಂದೇ ಅಕ್ಷರ ಸಾಲಾಗಿರುವ ಆರ್‌ಎನ್‌ಎಯನ್ನು ಓದಿದಾಗ ರೈಬೋಸೋಮು ಫೀನೈಲ್ಅಲನೀನನ್ನೇ ಪೋಣಿಸಬೇಕು. ಸ್ಟ್ರೆಪ್ಟೊಮೈಸಿನ್ ಸೇರಿದರೆ ಐಸೊಲ್ಯೂಸೀನನ್ನೂ ಎತ್ತಿಕೊಂಡು ಪೋಣಿಸುವುದು. ಟೆಟ್ರಾಸೈಕ್ಲಿನ್ ಎಂಬ ಇನ್ನೊಂದು ಪ್ರತಿಜೈವಿಕದ ಕ್ರಮ ಬೇರೆ: ಅಮೈನೋ ಆಮ್ಲ ಹೊತ್ತು ಬರುವ ಆರ್‌ಎನ್‌ಎಗೆ ಅದು ಬಾಗಿಲನ್ನೇ ಮುಚ್ಚುವುದು.

ಸ್ಟ್ರೆಪ್ಟೊಮೈಸಿನ್ ಕುಳಿತ ನೆಲೆಯನ್ನು ಪರಮಾಣುಗಳ ಮಟ್ಟದಲ್ಲಿ ಕಾಣಲು 2000ದವರೆಗೆ ಕಾಯಬೇಕಾಯಿತು. ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಮತ್ತು ಸಂಗಡಿಗರು ಕೇಂಬ್ರಿಜ್‌ನಲ್ಲಿ ಎಕ್ಸ್‌ರೇ ಹಾಯಿಸಿ ರಚಿಸಿದ ಚಿತ್ರದಲ್ಲಿ, ಸ್ಟ್ರೆಪ್ಟೊಮೈಸಿನ್ ರೈಬೋಸೋಮಿನ ಆರ್‌ಎನ್‌ಎಯನ್ನೂ ಎಸ್12 ಎಂಬ ಪ್ರೋಟೀನನ್ನೂ ಒಟ್ಟಿಗೆ ತಬ್ಬಿಕೊಂಡಿದೆ. ಅದೇ ಎಸ್12ರ 43ನೆಯ ಸ್ಥಾನದಲ್ಲಿ ಲೈಸೀನಿನ ಬದಲು ಆರ್ಜಿನೀನ್ ಬಂದು ಕುಳಿತ ಕ್ಷಯದ ಬ್ಯಾಕ್ಟೀರಿಯಾದ ಮುಂದೆ, ಷಾಟ್ಸ್ ತೆಗೆದ ಆ ಮದ್ದು ಏನನ್ನೂ ಮಾಡಲಾರದು.