ಮನೆಯಲ್ಲೇ ಬೊಜ್ಜಿನ ಚಿಕಿತ್ಸೆ: ಫೋನಿನ ಆಚೆ ತುದಿಯಲ್ಲಿ ಯಾರಿದ್ದಾರೆ?

ಚೆನ್ನೈನ ಮಧುಮೇಹ ತಜ್ಞ ಡಾ. ಎ. ರಾಮಚಂದ್ರನ್ ಅವರ ತಂಡ ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 537 ಗಂಡಸರಿಗೆ ಮೊದಲು ಊಟ, ನಡಿಗೆಯ ಬಗ್ಗೆ ಒಂದೇ ಬಗೆಯ ಸಲಹೆ ಕೊಟ್ಟರು. ಆಮೇಲೆ ಅವರಲ್ಲಿ ಅರ್ಧದಷ್ಟು ಜನರ ಮೊಬೈಲಿಗೆ ಆ ಸಲಹೆಗಳನ್ನು ನೆನಪಿಸುವ ಎಸ್ಸೆಮ್ಮೆಸ್‌ಗಳು ಬರುತ್ತಲೇ ಇದ್ದವು. ಎರಡು ವರ್ಷದ ಕೊನೆಗೆ ಲೆಕ್ಕ ಹಾಕಿದಾಗ, ಸಂದೇಶ ಪಡೆದವರಲ್ಲಿ ಶೇ. 18ರಷ್ಟು ಮಂದಿಗೆ ಮಧುಮೇಹ ಬಂದಿತ್ತು, ಪಡೆಯದವರಲ್ಲಿ ಶೇ. 27ರಷ್ಟು ಮಂದಿಗೆ. ಇದಕ್ಕೆ ಆ್ಯಪ್ ಬೇಕಾಗಲಿಲ್ಲ, ಸ್ಮಾರ್ಟ್‌ವಾಚೂ ಬೇಕಾಗಲಿಲ್ಲ.

ಊಟ, ನಡಿಗೆಯ ಇದೇ ಶಿಸ್ತು ಬೇಡುವ ಬೊಜ್ಜಿನ ಚಿಕಿತ್ಸೆಯಲ್ಲೂ ಫೋನಿಗೆ ಮಹತ್ವ ಬಂದಿರುವುದಕ್ಕೆ ಕಾರಣ ಇಲ್ಲೇ ಸಿಗುತ್ತದೆ. ವೈದ್ಯರ ಮುಂದೆ ಕೂರುವುದು ಕೆಲವೇ ನಿಮಿಷ. ಉಳಿದದ್ದೆಲ್ಲ ನಡೆಯುವುದು ಮನೆಯಲ್ಲಿ: ಬೇಡವೆಂದರೂ ಬಡಿಸಿದ ಎರಡನೇ ಸುತ್ತಿನ ಅನ್ನ, ಸಂಜೆಯ ಬೋಂಡಾ, ಟಿವಿ ಮುಂದಿನ ತಡರಾತ್ರಿಯ ಊಟ. ಆಸ್ಪತ್ರೆಯಲ್ಲಿ ಕೇಳಿದ ಮಾತು ಅಲ್ಲಿಗೆ ತಲುಪುವಷ್ಟರಲ್ಲಿ ಮರೆತೇ ಹೋಗಿರುತ್ತದೆ.

ಸಮಸ್ಯೆಯಂತೂ ಬೆಳೆಯುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ಕರ್ನಾಟಕದ ವಯಸ್ಕರಲ್ಲಿ ತೂಕ ಮಿತಿಮೀರಿದವರು ನಾಲ್ವರಲ್ಲಿ ಒಬ್ಬರಿಗಿಂತ ಕಡಿಮೆ ಇದ್ದರು. 2019–21ರ ಹೊತ್ತಿಗೆ ಅದು ಹತ್ತರಲ್ಲಿ ಮೂವರಾಯಿತು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಭಾರತೀಯರು ಎಚ್ಚರಗೊಳ್ಳಬೇಕು ಎನ್ನುತ್ತಾರೆ ತಜ್ಞರು. ದರ್ಜಿಯ ಟೇಪೊಂದಿದ್ದರೆ ಈ ಪರೀಕ್ಷೆ ಮನೆಯಲ್ಲೇ ಆಗುತ್ತದೆ.

ಬೊಜ್ಜಿನ ಚಿಕಿತ್ಸೆಯಲ್ಲಿ ತಕ್ಕಡಿಯ ಮುಳ್ಳಿಗಿಂತ ಮಂಡಿ ಮುಖ್ಯ. ಮಂಡಿಸವೆತ ಇರುವ ಹಿರಿಯರ ತೂಕ ಒಂದು ಕಿಲೋ ಇಳಿದರೆ, ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆ ಎಂದು 2005ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಮೆಟ್ಟಿಲು ಹತ್ತಲು, ನೆಲದ ಮೇಲೆ ಕೂತು ಏಳಲು ಮತ್ತೆ ಸಾಧ್ಯವಾಗುವುದೇ ಚಿಕಿತ್ಸೆಯ ನಿಜವಾದ ಗೆಲುವು. ಈ ಚಿಕಿತ್ಸೆಯನ್ನು ದೂರದಿಂದಲೇ ಕೊಡುವುದು ಈಗ ಕಷ್ಟವಲ್ಲ. ಕುರ್ಚಿಯಿಂದ ಕೈಯೂರದೆ ಏಳುವ, ಗೋಡೆಗೆ ಕೈಕೊಟ್ಟು ತಳ್ಳುವ ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟ್ ವಿಡಿಯೊ ಕರೆಯಲ್ಲೇ ಹೇಳಿಕೊಡಬಹುದು. ತಟ್ಟೆಯ ಫೋಟೊ ಆಹಾರತಜ್ಞರಿಗೆ ಹೋಗುತ್ತದೆ. ಬ್ಲೂಟೂತ್ ತಕ್ಕಡಿ ಬೆಳಗಿನ ತೂಕವನ್ನು ಫೋನಿಗೆ ತಾನೇ ದಾಟಿಸುತ್ತದೆ. ಜರ್ಮನಿಯಲ್ಲಿ 2020ರಿಂದ ವೈದ್ಯರು ಮಾನ್ಯತೆ ಪಡೆದ ಆ್ಯಪ್‌ಗಳನ್ನು ಔಷಧದಂತೆ ಚೀಟಿಯಲ್ಲಿ ಬರೆದುಕೊಡುತ್ತಿದ್ದಾರೆ. ಬೊಜ್ಜಿನ ಆ್ಯಪ್‌ಗಳೂ ಆ ಪಟ್ಟಿಯಲ್ಲಿವೆ. ಖರ್ಚು ಆರೋಗ್ಯ ವಿಮೆಯದು.

ಹಾಗೆಂದು ಉಪಕರಣ ಹೆಚ್ಚಿದಷ್ಟೂ ತೂಕ ಇಳಿಯುತ್ತದೆಯೇ? ಇಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 471 ಯುವಕ ಯುವತಿಯರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶ ಹಲವರನ್ನು ಬೆಚ್ಚಿಬೀಳಿಸಿತು. ಸಲಹೆಗಾರರ ಫೋನ್ ಕರೆ, ಸಂದೇಶಗಳು ಎರಡೂ ಗುಂಪಿಗೆ ಇದ್ದವು. ಒಂದು ಗುಂಪು ತನ್ನ ಊಟ, ವ್ಯಾಯಾಮವನ್ನು ತಾನೇ ಬರೆದಿಡುತ್ತಿತ್ತು. ಇನ್ನೊಂದಕ್ಕೆ ಚಟುವಟಿಕೆ ಅಳೆಯುವ, ತೋಳಿಗೆ ಕಟ್ಟುವ ಸಾಧನ ಕೊಟ್ಟಿದ್ದರು. ಸಾಧನ ಕಟ್ಟಿದವರ ತೂಕ ಸರಾಸರಿ 3.5 ಕಿಲೋ ಇಳಿಯಿತು, ಕಟ್ಟದವರದು 5.9 ಕಿಲೋ! ಯಂತ್ರ ಎಣಿಸಬಲ್ಲದು. ಎಣಿಸಿದ್ದನ್ನು ಓದಿ ನಡೆ ತಿದ್ದಿಕೊಳ್ಳುವ ಕೆಲಸ ಮನುಷ್ಯನದೇ.

ನಮ್ಮ ಅಡುಗೆಮನೆಯ ಲೆಕ್ಕಕ್ಕೆ ಬೆಂಗಳೂರಿನಲ್ಲೇ ಒಂದು ಕಥೆಯಿದೆ. 2011ರಲ್ಲಿ ತುಷಾರ್ ವಶಿಷ್ಠ ಮತ್ತು ಮ್ಯಾಟ್ ಚೆರಿಯನ್ ಎಂಬ ಯುವಕರು ದಿನಕ್ಕೆ ನೂರು ರೂಪಾಯಿಯಲ್ಲಿ ಬದುಕಿ ನೋಡಿದರು. ಆಮೇಲೆ ಕೇರಳದ ಹಳ್ಳಿಯೊಂದರಲ್ಲಿ 32 ರೂಪಾಯಿಯಲ್ಲಿ. ತಿಂದದ್ದರಲ್ಲಿ ಪೋಷಕಾಂಶ ಎಷ್ಟೆಂದು ಲೆಕ್ಕವಿಟ್ಟರು. ಮರುವರ್ಷ ವಶಿಷ್ಠ ಮತ್ತು ಗೆಳೆಯರು ಬೆಂಗಳೂರಿನಲ್ಲಿ ಹೆಲ್ತಿಫೈಮಿ ಶುರುಮಾಡಿದರು. ಭಾರತದ ಊಟವನ್ನೇ ಲೆಕ್ಕಕ್ಕೆ ತಂದುಕೊಂಡ ಮೊದಮೊದಲ ಆ್ಯಪ್‌ಗಳಲ್ಲಿ ಅದೂ ಒಂದು. ಪಿಜ್ಜಾಕ್ಕೆ ಲೆಕ್ಕವಿದ್ದು ರಾಗಿಮುದ್ದೆ, ಬಸ್ಸಾರಿಗೆ ಇಲ್ಲದಿದ್ದರೆ ಆ್ಯಪ್ ಕನ್ನಡದ ಮನೆಗೆ ಬಂದು ಮಾಡುವುದೇನು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2019ರಲ್ಲಿ ‘ನ್ಯೂಟ್ರಿಫೈ ಇಂಡಿಯಾ ನೌ’ ಎಂಬ ಆ್ಯಪ್ ಹೊರತಂದಿದೆ.

ದೊಡ್ಡ ತೊಡಕು ಬೇರೆಯೇ. 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಂಟರ್ನೆಟ್ ಬಳಸಿದ್ದೇನೆಂದ ಭಾರತೀಯ ಮಹಿಳೆಯರು ಮೂವರಲ್ಲಿ ಒಬ್ಬರು ಮಾತ್ರ. ಮನೆಮಂದಿಗೆಲ್ಲ ಬಡಿಸುವ ಕೈಯಲ್ಲೇ ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಆ್ಯಪಿನ ಎಚ್ಚರಿಕೆ ಯಾರ ಕಣ್ಣಿಗೆ ಬೀಳಬೇಕು? ಅಪಾಯವೂ ಇದೆ. ಇನ್ಸುಲಿನ್ ಅಥವಾ ಕೆಲವು ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ಆ್ಯಪಿನ ಮಾತು ಕೇಳಿ ಏಕಾಏಕಿ ಊಟ ಕಡಿಮೆ ಮಾಡಿದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ವ್ಯಾಯಾಮದ ನಡುವೆ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಆದ್ದರಿಂದ ಆ್ಯಪ್ ಹಾಕಿಕೊಳ್ಳುವ ಮೊದಲೇ ವೈದ್ಯರನ್ನು ಕಾಣಬೇಕು. ದೂರದ ಊರಿನವರಿಗೆ ಸರ್ಕಾರದ ದೂರವೈದ್ಯಕೀಯ ಸೇವೆಯಾದ ಇ-ಸಂಜೀವಿನಿಯಲ್ಲಿ ಈ ಸಮಾಲೋಚನೆ ಉಚಿತ.

ಬಿಪಿ, ಸಕ್ಕರೆ ಪರೀಕ್ಷೆಯನ್ನು ಮನೆಬಾಗಿಲಿಗೆ ಒಯ್ಯುವ ‘ಗೃಹ ಆರೋಗ್ಯ’ ಯೋಜನೆಯನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದೆ. ಆ ಯೋಜನೆಯ ತಂಡದ ಚೀಲದಲ್ಲಿ ಸೊಂಟ ಅಳೆಯುವ ಟೇಪೂ ಇರಲಿ. ಬೊಜ್ಜಿರುವವರಿಗೆ ವಾರಕ್ಕೊಮ್ಮೆ ಕನ್ನಡದಲ್ಲೊಂದು ಸಂದೇಶ, ತಿಂಗಳಿಗೊಮ್ಮೆ ಆರೋಗ್ಯ ಕಾರ್ಯಕರ್ತರ ಕರೆ ಹೋಗಲಿ. ಚೆನ್ನೈನ ಅನುಭವ ಕಣ್ಣೆದುರಿಗಿರುವಾಗ ಆರೋಗ್ಯ ಇಲಾಖೆ ಇದಕ್ಕೆ ಹಿಂಜರಿಯಬಾರದು.